ಬಾಗಿಲಲ್ಲಿ ಯಾರು? ಫೋನು ಯಾರ ಕೈಲಿ?

ಮಧ್ಯಾಹ್ನ ಮೂರರ ಹೊತ್ತು. ಪಾತ್ರೆ ತೊಳೆದಿಟ್ಟು, ಐದು ನಿಮಿಷ ಕಾಲು ಚಾಚೋಣ ಅಂತ ದಿವಾನದ ಮೇಲೆ ಒರಗಿದ್ದೀರಿ. ಟಿಂಗ್ ಟಾಂಗ್! ಕೊರಿಯರ್‌ನವನೋ, ಗ್ಯಾಸಿನವನೋ, ನೀರಿನ ಫಿಲ್ಟರ್ ಮಾರೋ ಹುಡುಗನೋ, ಗಣೇಶನ ಚಂದಾದವರೋ, ಎದ್ದು ಹೋಗಿ ನೋಡೋ ತನಕ ಗೊತ್ತಾಗೋಲ್ಲ. ನೀವು ಮನೇಲಿದ್ದರೆ ಪರವಾಗಿಲ್ಲ, ಗ್ರಿಲ್ಲಿನ ಒಳಗಿಂದಲೇ ವಿಚಾರಿಸ್ತೀರಿ. ಆದರೆ ನೀವು ಬ್ಯಾಂಕಿಗೆ ಹೋಗಿದ್ದು, ಮನೇಲಿ ಮೊಣಕಾಲು ನೋವಿನ ಅತ್ತೆ ಒಬ್ಬರೇ ಇದ್ದರೆ? ಶಾಲೆಯಿಂದ ಬಂದ ಮಗಳು ಒಬ್ಬಳೇ ಇದ್ದರೆ?

ರಾಜಾಜಿನಗರ, ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ವಿಡಿಯೋ ಡೋರ್‌ಫೋನ್ ಆಗಲೇ ಇದೆ. ಹಾಲಿನ ಗೋಡೆ ಮೇಲೆ ಏಳಿಂಚಿನ ಪರದೆ, ಹೊರಗೆ ಪುಟ್ಟ ಕ್ಯಾಮೆರಾ. ಅದರ ಕೊರತೆ ಒಂದೇ. ಪರದೆ ಮುಂದೆ ನೀವು ನಿಂತಿದ್ದರೆ ಮಾತ್ರ ಕಾಣುತ್ತೆ. ಈಗ ಬರುತ್ತಿರುವವು ಆ ಚಿತ್ರವನ್ನು ಇಂಟರ್‌ನೆಟ್ ಮೂಲಕ ನಿಮ್ಮ ಫೋನಿಗೇ ಕಳಿಸುತ್ತವೆ. ನೀವು ಮೆಟ್ರೋದಲ್ಲಿ ಕೂತಿರಿ, ತವರಿನಲ್ಲಿರಿ, ಬಾಗಿಲಲ್ಲಿ ಯಾರಿದ್ದಾರೆ ಅಂತ ಆ ಕ್ಷಣಕ್ಕೇ ನೋಡಬಹುದು, ಮಾತೂ ಆಡಬಹುದು. ಇದನ್ನೇ ಲೈವ್ ಸ್ಟ್ರೀಮಿಂಗ್ ಅನ್ನೋದು.

‘ಅದೆಲ್ಲ ನಮ್ಮೆಜಮಾನ್ರು ನೋಡ್ಕೋತಾರೆ, ನಂಗೇನು ಗೊತ್ತಾಗುತ್ತೆ’ ಅಂತೀರಾ? ಅಲ್ಲೇ ನೋಡಿ ಎಡವಟ್ಟಾಗೋದು. ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವವರು ನೀವು. ಆ ಬಾಗಿಲ ಚಿತ್ರ ಹೋಗೋದು ಮಾತ್ರ ಆಫೀಸಿನ ಮೀಟಿಂಗಿನಲ್ಲಿ ಕೂತವರ ಫೋನಿಗೆ! ಹೀಗಾಗಬಾರದು ಅಂದರೆ ಜೋಡಣೆಯ ದಿನ ನೀವು ಪಕ್ಕದಲ್ಲಿ ನಿಂತಿರಬೇಕು. ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಅಂದಹಾಗೆ, ಬಾಗಿಲ ಕ್ಯಾಮೆರಾ ಅನ್ನೋದನ್ನ ಮೊದಲು ಯೋಚಿಸಿದವರಲ್ಲಿ ಒಬ್ಬಳು ಹೆಂಗಸೇ. ಅಮೆರಿಕದ ನ್ಯೂಯಾರ್ಕಿನಲ್ಲಿ ನರ್ಸ್ ಆಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಆಕೆಯ ಕೆಲಸದ ಹೊತ್ತೂ, ಗಂಡ ಆಲ್ಬರ್ಟ್ ಬ್ರೌನ್ ಅವರ ಕೆಲಸದ ಹೊತ್ತೂ ಬೇರೆಬೇರೆ. ರಾತ್ರಿ ಒಬ್ಬಳೇ ಇರುವಾಗ ಬಾಗಿಲು ತಟ್ಟಿದರೆ ಭಯ. ಪೊಲೀಸರು ಬರೋದೂ ತಡ. ಬಾಗಿಲಿಗೆ ಬೇರೆಬೇರೆ ಎತ್ತರದಲ್ಲಿ ಇಣುಕುಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ ಪರದೆ, ಮಾತಾಡೋಕೆ ಮೈಕು, ಕೂತಲ್ಲಿಂದಲೇ ಚಿಲಕ ತೆಗೆಯೋ ಗುಂಡಿ, ಅಪಾಯಕ್ಕೆ ಅಲಾರಂ. ಇಷ್ಟನ್ನೂ ಸೇರಿಸಿ ಗಂಡ ಹೆಂಡತಿ 1966ರಲ್ಲಿ ಅರ್ಜಿ ಹಾಕಿದರು, 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಆ ಪರದೆ ಇದ್ದದ್ದು ಆಕೆಯ ಹಾಸಿಗೆ ಪಕ್ಕದಲ್ಲಿ ಅನ್ನೋದನ್ನ ನೆನಪಿಡಿ. ಮುಂದೆ ಬೇಕಾಗುತ್ತೆ.

ಮನೇಲಿರೋದು ಯಾವ ಜಾತಿಯದು?

ಹೊಸದು ಕೊಳ್ಳುವ ಮೊದಲು ಹಳೆಯದರ ಹಿಂಭಾಗ ನೋಡಿ. ಹೊರಗಿನ ಬೆಲ್‌ನಿಂದ ಒಳಗಿನ ಪರದೆಗೆ ನಾಲ್ಕು ಸಣ್ಣ ತಂತಿ ಬಂದಿದ್ದರೆ ಅದು ಹಳೇ ಕಾಲದ ಅನಲಾಗ್ ಡೋರ್‌ಫೋನ್. ಕರೆಂಟಿಗೊಂದು, ಭೂಮಿಗೊಂದು, ಚಿತ್ರಕ್ಕೊಂದು, ಶಬ್ದಕ್ಕೊಂದು ತಂತಿ. ಇಂಟರ್‌ನೆಟ್ಟಿನ ಗಾಳಿಯೂ ಅದಕ್ಕೆ ಸೋಕಿಲ್ಲ. ಹಾಗಂತ ಎಲ್ಲ ಕಿತ್ತೆಸೆಯಬೇಕಿಲ್ಲ. ಹಲವು ಕಂಪನಿಗಳು ವೈ-ಫೈ ಇರುವ ಒಳಪರದೆಯನ್ನು ಬೇರೆಯಾಗೇ ಮಾರುತ್ತವೆ. ಹೊರಗಿನ ಕ್ಯಾಮೆರಾ, ಗೋಡೆಯೊಳಗಿನ ತಂತಿ ಹಾಗೇ ಉಳಿಸಿಕೊಂಡು ಒಳಗಿನದನ್ನಷ್ಟೇ ಬದಲಾಯಿಸಬಹುದು. ಆದರೆ ಎರಡಕ್ಕೂ ಹೊಂದಿಕೆ ಆಗುತ್ತಾ ಅಂತ ಮಾದರಿ ಸಂಖ್ಯೆ ತೋರಿಸಿ ಕೇಳಿ. ಎಸ್.ಪಿ. ರಸ್ತೆಗೆ ಹೋಗುವಾಗ ಹಳೇ ಬೆಲ್‌ನ ಹಿಂದಿನ ಚೀಟಿಯ ಫೋಟೋ ಫೋನಿನಲ್ಲಿರಲಿ. ‘ಕಪ್ಪಗಿದೆ, ಚೌಕಾಕಾರ’ ಅಂದರೆ ಅಂಗಡಿಯವನು ತಲೆ ಕೆರ್ಕೋತಾನೆ.

ಮನೆ ಹೊಸದಾಗಿ ಕಟ್ಟುತ್ತಿದ್ದರೆ ಅಥವಾ ಪೇಂಟ್ ಮಾಡಿಸುವ ಯೋಚನೆ ಇದ್ದರೆ, ಬಾಗಿಲಿನಿಂದ ರೂಟರ್ ಇರೋ ಜಾಗದ ತನಕ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿಬಿಡಿ. ಆ ಒಂದೇ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ ಹೋಗುವಂಥ ಡೋರ್‌ಫೋನ್‌ಗಳಿವೆ. ವೈ-ಫೈಗಿಂತ ಇದು ಗಟ್ಟಿ. ನನ್ನ ಓಟು ಇದಕ್ಕೇ.

ಬಾಡಿಗೆ ಮನೆಯವರ ಕಷ್ಟ ಗೊತ್ತಿರೋದೇ. ಗೋಡೆಗೆ ಒಂದು ಮೊಳೆ ಹೊಡೆದರೂ ಓನರ್ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ತಾರೆ. ನಿಮಗೆ ಬ್ಯಾಟರಿ ಡೋರ್‌ಬೆಲ್ ಸೂಕ್ತ. ತಂತಿಯೂ ಬೇಡ, ದೊಡ್ಡ ತೂತೂ ಬೇಡ. ಒಂದು ಮಾತು, ಬ್ಯಾಟರಿ ಉಳಿಸೋಕೆ ಅದು ಸದಾ ನಿದ್ದೆಯಲ್ಲಿರುತ್ತೆ. ಯಾರಾದರೂ ಬಂದಾಗ ಎದ್ದು, ಇಂಟರ್‌ನೆಟ್ ಹಿಡಿದು, ನಿಮ್ಮ ಫೋನಿಗೆ ಚಿತ್ರ ಕಳಿಸೋಕೆ ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಕೊರಿಯರ್ ಹುಡುಗ ಮೂರನೇ ಮನೆ ಮುಂದೆ! ತಂತಿಯಿಂದ ಕರೆಂಟು ಹೋಗುವಂಥದ್ದು ಸದಾ ಎಚ್ಚರ.

ಬೆಲೆ ಎರಡು ಮೂರು ಸಾವಿರದಿಂದ ಶುರುವಾಗಿ ಹದಿನೈದು ಸಾವಿರ ದಾಟುವುದೂ ಇದೆ. ಕೊಳ್ಳುವಾಗ ಕೇಳಬೇಕಾದ್ದು: ತಿಂಗಳ ಚಂದಾ ಇದೆಯಾ? ಕೆಲವು ಕಂಪನಿಗಳಲ್ಲಿ ಲೈವ್ ಪುಕ್ಕಟೆ, ಹಿಂದಿನ ದಿನದ ಚಿತ್ರ ನೋಡೋಕೆ ದುಡ್ಡು. ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ ಆ ಖರ್ಚು ಉಳೀತು. ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡುವ ಕೇಂದ್ರ ಸರ್ಕಾರದ ನಿಯಮ 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಹೆಸರಿಲ್ಲದ, ಬಿಲ್ಲಿಲ್ಲದ, ಅಗ್ಗದ ಮಾಲಿಗೆ ಮರುಳಾಗಬೇಡಿ.

ಗ್ರಿಲ್ಲು, ಸೂರ್ಯ, ತೋರಣ

ಪೆಟ್ಟಿಗೆ ಜೊತೆ ಬರೋ ಪುಸ್ತಕ ನಮ್ಮ ಮನೆಗಳನ್ನು ನೋಡಿ ಬರೆದದ್ದಲ್ಲ. ವಿಜಯನಗರದ ಇಪ್ಪತ್ತು ಮೂವತ್ತರ ಸೈಟು, ನಾಲ್ಕು ಅಂತಸ್ತು, ಹೊರಗಿನ ಮೆಟ್ಟಿಲು, ಬಾಗಿಲ ಮುಂದೆ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಇದು ಅವರಿಗೇನು ಗೊತ್ತು?

ರಾತ್ರಿ ಹೊತ್ತು ಕ್ಯಾಮೆರಾ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬಿಟ್ಟು ನೋಡುತ್ತೆ. ಗ್ರಿಲ್ಲಿನ ಒಳಗಡೆ ಕ್ಯಾಮೆರಾ ಕೂರಿಸಿದರೆ ಆ ಬೆಳಕು ಕಬ್ಬಿಣಕ್ಕೆ ಬಡಿದು ವಾಪಸ್ ಬರುತ್ತೆ. ಪರದೆ ಮೇಲೆ ಬೆಳ್ಳಗೆ ಗ್ರಿಲ್ಲು ಮಾತ್ರ, ಹಿಂದೆ ನಿಂತವರು ಕತ್ತಲು! ಆದ್ದರಿಂದ ಗ್ರಿಲ್ಲಿನ ಹೊರಗೆ, ಪಕ್ಕದ ಕಂಬಕ್ಕೆ ಹಾಕಿಸಿ. ಆಗದಿದ್ದರೆ ಆ್ಯಪ್‌ನಲ್ಲಿ ಅತಿಗೆಂಪು ಬೆಳಕು ಆರಿಸಿ, ಪೋರ್ಟಿಕೋದಲ್ಲಿ ಒಂದು ಸಣ್ಣ ಎಲ್‌ಇಡಿ ಬಲ್ಬ್ ಉರಿಸಿ. ಮುಖ ಚೆನ್ನಾಗೇ ಕಾಣುತ್ತೆ.

ವಾಸ್ತು ಅಂತ ನಾವೆಲ್ಲ ಪೂರ್ವದ ಬಾಗಿಲಿಗೆ ಆಸೆಪಡ್ತೀವಿ. ಹಾಲು, ಪೇಪರು, ಹೂವಿನವರು ಬರೋದು ಬೆಳಿಗ್ಗೆ. ಸೂರ್ಯ ಅವರ ಬೆನ್ನಿಗೆ, ಕ್ಯಾಮೆರಾದ ಮುಖಕ್ಕೆ. ಬಂದವರ ಮುಖ ಮಸಿ ಹಿಡಿದ ಬಾಣಲೆ! ಪಶ್ಚಿಮದ ಬಾಗಿಲಾದರೆ ಇದೇ ಗೋಳು ಸಂಜೆ, ಸರಿಯಾಗಿ ಮಕ್ಕಳು ಶಾಲೆಯಿಂದ ಬರೋ ಹೊತ್ತಿಗೆ. ಡಬ್ಲ್ಯುಡಿಆರ್ ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ಅದು ಇಂಥ ಎದುರುಬೆಳಕನ್ನು ಸಂಭಾಳಿಸುವ ಗುಣ. ಜೊತೆಗೆ ಕ್ಯಾಮೆರಾವನ್ನು ಗೋಡೆಗೆ ನೇರ ಕೂರಿಸದೆ, ಕೆಳಗೊಂದು ಓರೆಯ ಬೆಣೆ ಕೊಟ್ಟು ಬಾಗಿಲ ಕಡೆ ಸ್ವಲ್ಪ ತಿರುಗಿಸಿ. ಎಷ್ಟೋ ಪಾಲು ಸರಿಹೋಗುತ್ತೆ.

ಎತ್ತರ ನಾಲ್ಕೂವರೆಯಿಂದ ಐದಡಿ. ಹಳೇ ಬೆಲ್ ಸ್ವಿಚ್ಚಿನ ಜಾಗದಲ್ಲೇ ಹಾಕಿಬಿಡ್ತೀನಿ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಒಪ್ಪಬೇಡಿ. ಅದು ಕೆಳಗಿದ್ದರೆ ಬಂದವರ ಅಂಗಿಯ ಗುಂಡಿ ಎಣಿಸಬಹುದು ಅಷ್ಟೆ. ಬೆಳಿಗ್ಗೆ ನೀವು ಬಾಗಿಲಿಗೆ ನೀರು ಚಿಮುಕಿಸುವಾಗ, ಮಳೆಗಾಲದ ಎರಚಲಿನಲ್ಲಿ ಅದು ನೆನೆಯುತ್ತೆ ಅನ್ನೋದೂ ಲೆಕ್ಕದಲ್ಲಿರಲಿ. ಐಪಿ65 ಅಂತ ಗುರುತು ಇದ್ದರೆ ನೀರು ಸಿಡಿದರೂ ತಡಕೊಳ್ಳುತ್ತೆ. ಮೇಲೊಂದು ತಗಡಿನ ಟೋಪಿ ಹಾಕಿಸಿದರೆ ಇನ್ನೂ ಒಳ್ಳೇದು.

ಹಬ್ಬದ ದಿನದ ಮಜಾ ಕೇಳಿ. ಚಲನೆ ಕಂಡರೆ ಫೋನಿಗೆ ಸುದ್ದಿ ಕಳಿಸೋದು ಇದರ ಸ್ವಭಾವ. ಉಗಾದಿಗೆ ಮಾವಿನ ತೋರಣ ಕಟ್ಟಿದಿರಿ, ಗಾಳಿಗೆ ಎಲೆ ಅಲ್ಲಾಡಿತು, ‘ಬಾಗಿಲಲ್ಲಿ ಯಾರೋ ಇದ್ದಾರೆ’. ಆಯುಧಪೂಜೆಗೆ ಬಾಳೆಕಂದು ನಿಲ್ಲಿಸಿದಿರಿ, ‘ಬಾಗಿಲಲ್ಲಿ ಯಾರೋ ಇದ್ದಾರೆ’. ದಿನಕ್ಕೆ ನೂರು ಸಲ ಹೀಗಾದರೆ, ನಿಜವಾಗಿ ಯಾರೋ ಬಂದ ನೂರೊಂದನೇ ಸಲ ನೀವು ನೋಡೋದೇ ಇಲ್ಲ. ಹಾಗಾಗಿ ಆ್ಯಪ್‌ನಲ್ಲಿ ಗಮನಿಸಬೇಕಾದ ಜಾಗ ಗುರುತಿಸುವ ಸೌಲಭ್ಯ ಹುಡುಕಿ, ಹೊಸ್ತಿಲ ಮುಂದಿನ ಎರಡಡಿ ಜಾಗವನ್ನಷ್ಟೇ ಬೆರಳಿನಿಂದ ಎಳೆದು ಗುರುತಿಸಿ. ‘ಮನುಷ್ಯರು ಕಂಡರೆ ಮಾತ್ರ’ ಅನ್ನುವ ಆಯ್ಕೆ ಇದ್ದರೆ ಅದನ್ನೂ ಒತ್ತಿ.

ಇಂಟರ್‌ನೆಟ್ಟಿನ ಲೆಕ್ಕ

ನಾವು ಇಂಟರ್‌ನೆಟ್ ಕೊಳ್ಳುವಾಗ ನೋಡೋದು ಎಷ್ಟು ಬೇಗ ಸಿನಿಮಾ ಬರುತ್ತೆ ಅಂತ. ಇಲ್ಲಿ ಬೇಕಾದ್ದು ತಿರುಗಾಮುರುಗ. ಮನೆಯಿಂದ ಹೊರಗೆ ಹೋಗುವ ವೇಗ, ಅಪ್‌ಲೋಡ್. ಒಂದು ಒಳ್ಳೇ ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ ಎರಡು ಮೆಗಾಬಿಟ್ ಅಂತ ಹಿಡಿಯಿರಿ. ಈಗಿನ ಫೈಬರ್ ಸಂಪರ್ಕಕ್ಕೆ ಇದು ಏನೇನೂ ಅಲ್ಲ. ಆದರೆ ನೋಡುವ ನಿಮ್ಮ ಮೊಬೈಲ್ ಡೇಟಾ? ಆ ಲೆಕ್ಕದಲ್ಲಿ ಒಂದು ಗಂಟೆ ಲೈವ್ ನೋಡಿದರೆ ಸುಮಾರು 900 ಎಂಬಿ ಖರ್ಚು. ಹತ್ತು ನಿಮಿಷಕ್ಕೆ 150 ಎಂಬಿ. ಬೆಲ್ ಆದಾಗ ಅರ್ಧ ನಿಮಿಷ ನೋಡಿ ಮುಚ್ಚಿ. ಧಾರಾವಾಹಿ ತರ ನೋಡ್ತಾ ಕೂರಬೇಡಿ!

ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಿ. ಬಾಗಿಲು ಹಾಕಿಕೊಂಡು, ಕ್ಯಾಮೆರಾ ಬರಬೇಕಾದ ಜಾಗದಲ್ಲಿ ನಿಂತು, ಮನೆಯ ವೈ-ಫೈನಲ್ಲಿ ತಂಗಿಗೆ ವಿಡಿಯೋ ಕಾಲ್ ಮಾಡಿ. ನಿಮ್ಮ ಮುಖ ಅವಳಿಗೆ ತಡೆತಡೆದು ಕಂಡರೆ, ನಾಳೆ ಕ್ಯಾಮೆರಾದ ಗತಿಯೂ ಅದೇ. ರೂಟರ್ ಎಲ್ಲೋ ಮಹಡಿ ಕೋಣೆಯಲ್ಲಿದ್ದು, ಮಧ್ಯೆ ಎರಡು ಕಾಂಕ್ರೀಟ್ ಗೋಡೆ, ಒಂದು ಕಬ್ಬಿಣದ ಬಾಗಿಲು ಇದ್ದರೆ ಪಾಪ, ಸಿಗ್ನಲ್ ತಾನೇ ಎಲ್ಲಿಂದ ಬರಬೇಕು? ರೂಟರನ್ನೇ ಹಾಲಿಗೆ ತನ್ನಿ.

ಇನ್ನು ಕರೆಂಟು. ಪವರ್‌ಕಟ್ ಆದಾಗ ಡೋರ್‌ಫೋನ್ ಯುಪಿಎಸ್‌ನಲ್ಲಿದ್ದರೆ ಸಾಲದು. ರೂಟರೂ, ಫೈಬರ್ ಡಬ್ಬಿಯೂ ಉಸಿರಾಡಬೇಕು. ಇನ್ವರ್ಟರ್ ಇಲ್ಲದ ಮನೆಗೆ ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತೆ. ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆಯೋ ಅದೇ ವೋಲ್ಟಿನದು ಕೊಳ್ಳಿ.

ಜೋಡಿಸೋ ದಿನ

ಕೆಲಸ ಇಷ್ಟೆ. ಕಂಪನಿಯ ಆ್ಯಪ್ ಇಳಿಸಿಕೊಳ್ಳಿ, ಖಾತೆ ತೆರೆಯಿರಿ, ‘ಹೊಸ ಸಾಧನ ಸೇರಿಸಿ’ ಒತ್ತಿ, ಡೋರ್‌ಫೋನಿನ ಹಿಂದಿರುವ ಚುಕ್ಕಿಚುಕ್ಕಿ ಚೌಕವನ್ನು ಫೋನಿನ ಕ್ಯಾಮೆರಾಗೆ ಹಿಡಿಯಿರಿ. ನಿಮ್ಮ ವೈ-ಫೈ ಹೆಸರು, ಪಾಸ್‌ವರ್ಡ್ ಕೇಳುತ್ತೆ, ಕೊಡಿ. ಒಂದೆರಡು ನಿಮಿಷದಲ್ಲಿ ಚಿತ್ರ ಬರಬೇಕು.

ಬರಲಿಲ್ಲವಾ? ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ಈಗಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಅಲೆ ಬಿಡುತ್ತವೆ. ಬಹುಪಾಲು ಡೋರ್‌ಬೆಲ್‌ಗಳಿಗೆ 2.4 ಮಾತ್ರ ಅರ್ಥವಾಗೋದು. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಫೋನು 5ಕ್ಕೆ ಜೋತುಬಿದ್ದು, ಬೆಲ್ಲು 2.4ರಲ್ಲಿ ಹುಡುಕಿ, ಇಬ್ಬರೂ ಒಬ್ಬರಿಗೊಬ್ಬರು ಸಿಗೋದೇ ಇಲ್ಲ. ಇಂಟರ್‌ನೆಟ್‌ನವರಿಗೆ ಫೋನ್ ಮಾಡಿ ‘ಎರಡಕ್ಕೂ ಬೇರೆ ಹೆಸರು ಮಾಡಿಕೊಡಿ’ ಅನ್ನಿ. 2.4 ಗೋಡೆ ದಾಟಿ ಹೆಚ್ಚು ದೂರವೂ ಹೋಗುತ್ತೆ, ಬಾಗಿಲಿಗೆ ಅದೇ ವಾಸಿ.

ಖಾತೆ ಯಾರ ಹೆಸರಲ್ಲಿ?

ಈಗ ಮುಖ್ಯ ವಿಷಯಕ್ಕೆ ಬನ್ನಿ. ಇಷ್ಟು ಹೊತ್ತು ಹೇಳಿದ್ದೆಲ್ಲ ತಪ್ಪಿದರೆ ಚಿತ್ರ ಮಸುಕಾಗುತ್ತೆ ಅಷ್ಟೆ. ಇದು ತಪ್ಪಿದರೆ ಮನೆಯೇ ಬಯಲು.

ವಿಜಯನಗರದ ನನ್ನ ಗೆಳತಿಯೊಬ್ಬಳ ಮನೆಗೆ ಜೋಡಿಸೋಕೆ ಬಂದ ಹುಡುಗ ಭಾರಿ ಚುರುಕು. ‘ಮೇಡಂ, ನಿಮಗ್ಯಾಕೆ ತೊಂದರೆ’ ಅಂತ ತನ್ನದೇ ಫೋನಿನಲ್ಲಿ ಖಾತೆ ತೆರೆದು, ತನ್ನದೇ ನಂಬರಿಗೆ ಓಟಿಪಿ ತರಿಸಿ, ಅರ್ಧ ಗಂಟೇಲಿ ಎಲ್ಲ ಮುಗಿಸಿ, ಇವರ ಫೋನುಗಳಿಗೆ ‘ಶೇರ್’ ಮಾಡಿಕೊಟ್ಟು ಹೋದ. ಚಿತ್ರ ಬಂತು, ಇವರೂ ಖುಷಿ. ಆರು ತಿಂಗಳ ಮೇಲೆ ಪಾಸ್‌ವರ್ಡ್ ಬದಲಾಯಿಸೋಣ ಅಂತ ಹೋದರೆ, ‘ನೀವು ಮಾಲೀಕರಲ್ಲ, ಅತಿಥಿ’ ಅಂತು ಆ್ಯಪ್! ತಮ್ಮ ಮನೆ ಬಾಗಿಲಿಗೇ ಇವರು ಅತಿಥಿಗಳು. ಯಾವಾಗ ಬೀಗ ಹಾಕ್ತಾರೆ, ಯಾವಾಗ ಬರ್ತಾರೆ ಎಲ್ಲವೂ ಅಷ್ಟು ದಿನ ಆ ಹುಡುಗನ ಫೋನಿನಲ್ಲೂ ತೆರೆದುಕೊಳ್ಳುತ್ತಿತ್ತು. ಅವನು ಒಳ್ಳೆಯವನೇ ಇದ್ದ, ಕರೆದ ತಕ್ಷಣ ಬಂದು ತೆಗೆದುಕೊಟ್ಟ. ಎಲ್ಲರೂ ಹಾಗೇ ಇರ್ತಾರೆ ಅನ್ನೋಕಾಗುತ್ತಾ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?

ಆದ್ದರಿಂದ ಮೂಲ ಖಾತೆ ಮನೆಯವರ ನಂಬರಿನಲ್ಲೇ, ಮನೆಯವರ ಕೈಯಿಂದಲೇ ತೆರೆದಿರಬೇಕು. ಅದು ನಿಮ್ಮ ನಂಬರಿನಲ್ಲಿರಲಿ ಅಂತ ನಾನು ಹೇಳ್ತೀನಿ. ಗಂಡನಿಗೆ, ಕಾಲೇಜಿಗೆ ಹೋಗೋ ಮಗನಿಗೆ ನೀವು ಶೇರ್ ಮಾಡಿ. ಬಾಗಿಲ ಹತ್ತಿರ ಜಾಸ್ತಿ ಹೊತ್ತು ಇರುವವರು, ಹಾಲಿನವನ, ಇಸ್ತ್ರಿಯವನ ಮುಖ ಗುರುತಿರುವವರು ನೀವು. ಮೇರಿ ಬ್ರೌನ್ ಪರದೆ ಇಟ್ಟುಕೊಂಡದ್ದು ತನ್ನ ಕೋಣೆಯಲ್ಲಿ ಅಂದೆನಲ್ಲ, ಅದಕ್ಕೇ.

ಇನ್ನೊಂದು ಕಾರಣವನ್ನೂ ಮುಚ್ಚುಮರೆ ಇಲ್ಲದೆ ಹೇಳಿಬಿಡೋಣ. ಕ್ಯಾಮೆರಾ ಬಂದವರನ್ನಷ್ಟೇ ನೋಡೋದಿಲ್ಲ, ಹೋಗುವವರನ್ನೂ ನೋಡುತ್ತೆ. ‘ಹನ್ನೊಂದಕ್ಕೆ ಹೊರಟವಳು ಒಂದೂವರೆಗೆ ಬಂದಿದ್ದೀಯ, ಎಲ್ಲಿ ಹೋಗಿದ್ದೆ?’ ಅಂತ ಸಂಜೆ ಪ್ರಶ್ನೆ ಕೇಳಿಸಿಕೊಂಡ ಹೆಣ್ಣುಮಕ್ಕಳು ನನಗೇ ಇಬ್ಬರು ಗೊತ್ತು. ಕಳ್ಳರಿಗೆ ಅಂತ ಹಾಕಿದ್ದು ಸೊಸೆಗೆ ಕಾವಲಾಯಿತು! ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಹಳೇ ಚಿತ್ರ ಎಷ್ಟು ದಿನ ಇರಬೇಕು, ಯಾರು ನೋಡಬಹುದು? ಏನೂ ಆಗದಿದ್ದರೆ ಒಂದು ವಾರದ ಚಿತ್ರ ಧಾರಾಳ ಸಾಕು. ಒಳಗಿನ ಹಾಲಿಗೆ, ಅಡುಗೆಮನೆಗೆ ಕ್ಯಾಮೆರಾ ಹಾಕೋಣ ಅಂತ ಯಾರಾದರೂ ಅಂದರೆ ‘ಬೇಡ’ ಅನ್ನೋ ಹಕ್ಕು ನಿಮಗಿದೆ. ಒಂದೇ ಮನೆಯಲ್ಲಿ ಇರುವವರ ಒಪ್ಪಿಗೆ ಇಲ್ಲದೆ ವಾಸದ ಜಾಗದೊಳಗೆ ಕ್ಯಾಮೆರಾ ಹಾಕಿದ್ದನ್ನು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಒಪ್ಪಲಿಲ್ಲ. ಅದರ ಮೇಲಿನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಕೂಡ ಅದೇ ವರ್ಷ ತಳ್ಳಿಹಾಕಿತು. ಅತ್ತೆಯವರನ್ನೂ ಕೇಳಿ. ಮನೆಕೆಲಸದವರಿಗೆ ಕ್ಯಾಮೆರಾ ಎಲ್ಲಿದೆ ಅಂತ ತೋರಿಸಿ ಹೇಳಿ. ಅವರಿಗೂ ಮರ್ಯಾದೆ ಇದೆ.

ಪಾಸ್‌ವರ್ಡ್ ವಿಷಯ ಚಿಕ್ಕದಾಗಿ. ಪೆಟ್ಟಿಗೆ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನೋ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಬೀಗ ಮುರಿದಲ್ಲ. ಕಂಪನಿಯಿಂದ ಬಂದಾಗಿನ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ ಒಳಹೊಕ್ಕಿತು. ಮನೆ ಹೆಸರು, ಮಗಳ ಹುಟ್ಟಿದ ದಿನ ಇವೆಲ್ಲ ಬೇಡ. ಎರಡು ಹಂತದ ಪರಿಶೀಲನೆ ಅಂತ ಇರುತ್ತೆ, ಅದನ್ನು ಚಾಲೂ ಮಾಡಿ. ಆಗ ಹೊಸ ಫೋನಿನಿಂದ ಯಾರಾದರೂ ಒಳಬರಲು ನೋಡಿದರೆ ನಿಮ್ಮ ನಂಬರಿಗೆ ಓಟಿಪಿ ಬರುತ್ತೆ. ಮನೆ ಖಾಲಿ ಮಾಡುವಾಗ ಅಥವಾ ಬೆಲ್ಲನ್ನು ಯಾರಿಗಾದರೂ ಕೊಡುವಾಗ ಆ್ಯಪ್‌ನಿಂದ ಅದನ್ನು ತೆಗೆದುಹಾಕಿ, ಮೆಮೊರಿ ಕಾರ್ಡ್ ಕಿತ್ತುಕೊಳ್ಳಿ.

ಅತ್ತೆಯ ಟಿವಿಯಲ್ಲಿ ನಮ್ಮ ಬಾಗಿಲು

ಮನೇಲಿ ಇರೋರು ವಯಸ್ಸಾದವರು, ಸ್ಮಾರ್ಟ್‌ಫೋನ್ ಕಂಡರೆ ದೂರ ಅಂತಿಟ್ಟುಕೊಳ್ಳಿ. ಒಳಗಿನ ಪರದೆಯನ್ನು ಮಾತ್ರ ದಯವಿಟ್ಟು ತೆಗೆಸಬೇಡಿ. ಗುಂಡಿ ಒತ್ತಿದರೆ ಮಾತು, ಅಷ್ಟೇ ಅವರಿಗೆ ಬೇಕಾದ್ದು. ಅವರು ದಿನವೆಲ್ಲ ಟಿವಿ ಮುಂದೆಯೇ ಇರುವವರಾದರೆ ಬಾಗಿಲನ್ನು ಟಿವಿಗೇ ತರಬಹುದು.

ಇದಕ್ಕೆ ಆರ್‌ಟಿಎಸ್‌ಪಿ ಅನ್ನೋ ಸೌಲಭ್ಯ ಇರುವ ಡೋರ್‌ಫೋನ್ ಬೇಕು. 1998ರಿಂದ ಇರುವ ಒಂದು ಸರ್ವಸಾಮಾನ್ಯ ಪದ್ಧತಿ ಅದು. ಕಂಪನಿಯ ಆ್ಯಪ್‌ನ ಹಂಗಿಲ್ಲದೆ ಯಾವ ಪ್ಲೇಯರ್‌ನಲ್ಲಾದರೂ ಚಿತ್ರ ನೋಡಬಹುದು. ಬ್ಯಾಟರಿ ಬೆಲ್‌ಗಳಲ್ಲಿ ಸಾಮಾನ್ಯವಾಗಿ ಇದು ಇರೋಲ್ಲ, ತಂತಿಯವುಗಳಲ್ಲಿ ಹಲವಕ್ಕಿದೆ. ಪೆಟ್ಟಿಗೆ ಮೇಲೆ ಒಎನ್‌ವಿಐಎಫ್ ಗುರುತಿದ್ದರೆ ಬಹುತೇಕ ಇದ್ದೇ ಇರುತ್ತೆ. ಬೇರೆಬೇರೆ ಕಂಪನಿಯ ಕ್ಯಾಮೆರಾಗಳು ಹೊಂದಿಕೊಂಡು ಹೋಗಲಿ ಅಂತ 2008ರಲ್ಲಿ ಆ್ಯಕ್ಸಿಸ್, ಬಾಷ್, ಸೋನಿ ಸೇರಿ ಮಾಡಿದ ಒಪ್ಪಂದದ ಗುರುತು ಅದು.

ಸ್ಮಾರ್ಟ್ ಟಿವಿಯಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿ, ‘ನೆಟ್‌ವರ್ಕ್ ಸ್ಟ್ರೀಮ್’ ಅನ್ನೋ ಕಡೆ ಡೋರ್‌ಫೋನಿನ ವಿಳಾಸ ಬರೆಯಬೇಕು. 192.168 ಅಂತ ಶುರುವಾಗುವ ಸಂಖ್ಯೆ, ಜೊತೆಗೆ 554 ಅನ್ನೋ ಪೋರ್ಟ್ ಸಂಖ್ಯೆ, ಕೊನೆಗೆ ಆಯಾ ಕಂಪನಿ ಕೊಡುವ ಬಾಲ. ಪೂರ್ತಿ ಸಾಲು ಕಂಪನಿಯ ಪುಸ್ತಕದಲ್ಲಿರುತ್ತೆ, ಜೋಡಿಸುವ ಹುಡುಗನ ಹತ್ತಿರವೇ ಬರೆಸಿಕೊಳ್ಳಿ. ಎರಡು ಚಿತ್ರಧಾರೆ ಇರುತ್ತವೆ, ದೊಡ್ಡದು ಮತ್ತು ಚಿಕ್ಕದು. ಟಿವಿ ತೊದಲಿದರೆ ಚಿಕ್ಕದನ್ನು ಹಾಕಿ. ಕರೆಂಟು ಹೋಗಿ ಬಂದಾಗ ರೂಟರ್ ಆ ವಿಳಾಸ ಬದಲಿಸಿಬಿಡಬಹುದು. ‘ಈ ವಿಳಾಸ ಇದಕ್ಕೇ ಖಾಯಂ’ ಅಂತ ರೂಟರಿನಲ್ಲಿ ಅವತ್ತೇ ಮಾಡಿಸಿಬಿಡಿ, ಇಲ್ಲದಿದ್ದರೆ ಅತ್ತೆ ಕೈಲಿ ಬೈಸಿಕೊಳ್ಳೋದು ನೀವು.

ಹೊರಗಿಂದ ಟಿವಿಯ ಹಾಗೇ ನೋಡೋಕೆ ‘ರೂಟರಿನಲ್ಲಿ ಪೋರ್ಟ್ ತೆರೆದುಬಿಡ್ತೀನಿ ಮೇಡಂ’ ಅಂತ ಹುಡುಗ ಉತ್ಸಾಹ ತೋರಿಸಿದರೆ ಕೈಮುಗಿದು ಬೇಡ ಅನ್ನಿ. ಅದು ರಸ್ತೆಗೇ ಕಿಟಕಿ ತೆರೆದ ಹಾಗೆ. ಹೊರಗಿಂದ ನೋಡೋಕೆ ಆ್ಯಪ್ ಇದ್ದೇ ಇದೆ.

ಎದುರುಮನೆಯವರು ಏನಂದಾರು?

ನಮ್ಮ ಕಡೆ ಮನೆಗೂ ಮನೆಗೂ ಮಧ್ಯೆ ಒಂದು ಕೈಯಳತೆ. ಒಂದೇ ಮೆಟ್ಟಿಲಿಗೆ ಮೂರು ಪೋರ್ಷನ್. ನಿಮ್ಮ ಕ್ಯಾಮೆರಾ ನೇರ ಎದುರುಮನೆಯ ಹಾಲಿಗೇ ದೃಷ್ಟಿ ನೆಟ್ಟಿದ್ದರೆ ಅವರಿಗೆ ಹೇಗಿರುತ್ತೆ? ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಂಥದ್ದೇ ಡೋರ್‌ಬೆಲ್ ಜಗಳ ಕೋರ್ಟಿಗೇ ಹೋಗಿ, 2021ರಲ್ಲಿ ಕ್ಯಾಮೆರಾ ಹಾಕಿದವರ ವಿರುದ್ಧ ತೀರ್ಪು ಬಂತು. ನ್ಯಾಯಾಧೀಶರಿಗೆ ಹೆಚ್ಚು ಬೇಸರ ತಂದದ್ದು ಚಿತ್ರಕ್ಕಿಂತ ಶಬ್ದ. ಪಕ್ಕದವರು ತಮ್ಮ ಜಾಗದಲ್ಲಿ ಆಡಿದ ಮಾತೂ ಅದರಲ್ಲಿ ದಾಖಲಾಗುತ್ತಿತ್ತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮನೆಬಳಕೆಯನ್ನು ಹೊರಗಿಟ್ಟಿದೆ ನಿಜ. ಹಾಗಂತ ನೆರೆಯವರ ಸ್ನಾನದ ಮನೆಯ ಕಿಟಕಿಯೋ ಬಟ್ಟೆ ಬದಲಿಸುವ ಕೋಣೆಯೋ ಸಿಕ್ಕಿಬಿದ್ದರೆ ಸುಮ್ಮನೆ ಬಿಡೋದಿಲ್ಲ. ಒಬ್ಬರ ಖಾಸಗಿ ಅಂಗಗಳ ಚಿತ್ರ ಒಪ್ಪಿಗೆ ಇಲ್ಲದೆ ಬೇಕೆಂದೇ ತೆಗೆದರೆ ಮೂರು ವರ್ಷದವರೆಗೆ ಜೈಲು ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಹೇಳುತ್ತೆ. ಕೋರ್ಟು ಕಚೇರಿ ಯಾಕೆ ಬೇಕು? ಆ್ಯಪ್‌ನಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪು ಮಾಡುವ ಪ್ರೈವೆಸಿ ಮಾಸ್ಕ್ ಸಿಕ್ಕರೆ ಎದುರುಬಾಗಿಲ ಮೇಲೆ ಎಳೆದುಬಿಡಿ. ಶಬ್ದದ ದಾಖಲೆ ಆರಿಸಿ. ಆಮೇಲೆ ಎದುರುಮನೆಯಾಕೆಯನ್ನು ಕರೆದು, ಒಂದು ಲೋಟ ಕಾಫಿ ಕೊಟ್ಟು, ಪರದೆಯಲ್ಲಿ ಏನು ಕಾಣುತ್ತೆ ಅಂತ ತೋರಿಸಿ. ಕೆಂಗೇರಿ ಉಪನಗರದ ಕಡೆ ಅಪಾರ್ಟ್‌ಮೆಂಟಿನಲ್ಲಿದ್ದರೆ ಕಾರಿಡಾರ್ ಎಲ್ಲರದೂ, ಸಂಘದವರಿಗೆ ಒಂದು ಮಾತು ಹೇಳಿಯೇ ಹಾಕಿಸಿ.

ಬೆಲ್ ಆದಾಗ ಏನನ್ನೋಣ?

ಹೊರಗಿದ್ದುಕೊಂಡು ಫೋನಿನಲ್ಲಿ ಉತ್ತರಿಸುವಾಗ ‘ನಾನು ಮನೇಲಿಲ್ಲ, ಆಮೇಲೆ ಬನ್ನಿ’ ಅನ್ನಬೇಡಿ. ಬೀಗ ಹಾಕಿದೆ ಅಂತ ಡಂಗುರ ಸಾರಿದ ಹಾಗೆ. ‘ಕೆಲಸದಲ್ಲಿದ್ದೀನಿ, ಗ್ರಿಲ್ ಪಕ್ಕ ಇಟ್ಟು ಹೋಗಿ’ ಸಾಕು. ಅತ್ತೆಗೆ, ಮಗಳಿಗೆ ಹೇಳಿಕೊಡಿ: ಬೆಲ್ ಆದರೆ ತಕ್ಷಣ ಏಳಬೇಡಿ, ಅಮ್ಮ ಮಾತಾಡ್ತಾಳೆ, ಅಮ್ಮ ಹೇಳದೆ ಗ್ರಿಲ್ ತೆಗೆಯಬೇಡಿ. ಫೋನಿನಿಂದಲೇ ಬೀಗ ತೆಗೆಯುವ ಸೌಲಭ್ಯ ಕೆಲವದರಲ್ಲಿ ಇರುತ್ತೆ. ಅದು ಬೇಕೇ ಬೇಕು ಅನಿಸದಿದ್ದರೆ ಜೋಡಿಸಲೇಬೇಡಿ. ಕಳೆದುಹೋದ ಫೋನು ಕಳೆದುಹೋದ ಬೀಗದ ಕೈ ಆಗಬಾರದು.

‘ನೀವು ತರಿಸದ ಪಾರ್ಸೆಲ್ ಬಂದಿದೆ, ಕ್ಯಾನ್ಸಲ್ ಮಾಡೋಕೆ ಓಟಿಪಿ ಹೇಳಿ’ ಅಂತ ಯಾರಾದರೂ ಕ್ಯಾಮೆರಾ ಮುಂದೆ ನಿಂತು ಕೇಳಿದರೆ ಕೊಡಬೇಡಿ. ತರಿಸದ ವಸ್ತುವಿಗೆ ಎಲ್ಲಿಯ ಕ್ಯಾನ್ಸಲ್ಲು? ಅಕಸ್ಮಾತ್ ಕೊಟ್ಟು ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬಾಗಿಲಲ್ಲೇ ಯಾರೋ ಗಲಾಟೆ ಮಾಡ್ತಿದ್ದಾರೆ, ಒಳಗೆ ಒಬ್ಬರೇ ಇದ್ದಾರೆ ಅಂತ ಫೋನಿನಲ್ಲಿ ಕಂಡರೆ ಮೊದಲು 112, ಆಮೇಲೆ ಎದುರುಮನೆ, ಆಮೇಲೆ ಗಂಡ. ಈ ಕ್ರಮದಲ್ಲೇ. ಎದುರುಮನೆಯ ನಂಬರು ನಿಮ್ಮ ಹತ್ತಿರ ಇದೆ ತಾನೆ?

ಎಲ್ಲ ಆದ ಮೇಲೆ ಒಂದು ಶನಿವಾರ ಸಂಜೆ ಪರೀಕ್ಷೆ ಮಾಡಿ. ನೀವು ಬೀದಿ ಕೊನೆಯ ಬೇಕರಿಗೆ ಹೋಗಿ, ಫೋನಿನ ವೈ-ಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ನಿಂತಿರಿ. ಮಗ ಬೆಲ್ ಒತ್ತಲಿ. ಎಷ್ಟು ಸೆಕೆಂಡಿಗೆ ಚಿತ್ರ ಬಂತು, ಮಾತು ಕೇಳಿಸಿತಾ, ಅತ್ತೆ ಏಳದೆ ಕೂತಿದ್ದರಾ, ನೋಡಿಕೊಳ್ಳಿ. ಆಮೇಲೆ ಮಗನಿಗೆ ಮೈನ್ ಸ್ವಿಚ್ ಆರಿಸೋಕೆ ಹೇಳಿ ಇನ್ನೊಂದು ಸಲ ಬೆಲ್ ಒತ್ತಿಸಿ. ಕತ್ತಲಾದ ಮೇಲೆ ಮತ್ತೊಂದು ಸಲ, ಹೆಲ್ಮೆಟ್ ಹಾಕಿಕೊಂಡು ಒಂದು ಸಲ. ಬರುವಾಗ ಅರ್ಧ ಕೆಜಿ ಖಾರ ತನ್ನಿ, ಮಕ್ಕಳೂ ಇನ್ನೊಂದು ಸಲ ಬೆಲ್ ಒತ್ತೋಕೆ ತಕರಾರು ಮಾಡೋದಿಲ್ಲ.